ರಾಸು

ಫೋನಿನಲ್ಲಿ ಗಿರಿಯಪ್ಪ ಮಾವನ ಕಿವಿಗೆ ಬಿದ್ದದ್ದು ಹೀಗೆ:
ತೀರ್ಥೇಶ ಮುಹರ್ರಕ್ಕಿನಲ್ಲಿ ಮೂರು ರಾಸು ಕಟ್ಟಿದ್ದಾನೆ,
ಮೂರನೇ ಮಹಡಿಯಲ್ಲಿ, ಒಂದು ಗಂಡು, ಎರಡು ಹೆಣ್ಣು.
"ಹಲ್ಲೆಷ್ಟು?" ಅಂದರು.
ಗಾಜಿಗೆ ಕಣ್ಣು ಹಚ್ಚಿ ನೋಡಿದೆ.
ಇದ್ದವು, ತುಟಿಯಾಚೆ ಚಾಚಿಕೊಂಡು.
"ನಾಲ್ಕು, ಮಾವ."
ಪ್ರಾಯದ ರಾಸು ಅಂತ ಹಿಗ್ಗಿದರು.
ಅದು ಮೀನು, ರಾಸ್ ಅಂತ ಅದರ ಜಾತಿ, ಎಂದು ತಿದ್ದುವಷ್ಟರಲ್ಲಿ
ಅವರ ಬಸ್ಸು ಬಂದಿತ್ತು.

ಕಿಟಕಿ ತೆರೆದರೆ ಕಡಲು. ಆ ನೀರು ಇವಕ್ಕಾಗದು.
ಆಗಸ್ಟಿನಲ್ಲಿ ಅದು ಬಚ್ಚಲ ಹಂಡೆ,
ಉಪ್ಪಾದರೂ ಉಪ್ಪಿನಕಾಯಿಗೇ ಸರಿ.
ಹಾಗಾಗಿ ಕಡಲ ಎದುರು ಕೂತು ಕಡಲು ಕಲೆಸುತ್ತೇವೆ:
ಸೋಸಿದ ಸಿಹಿನೀರು, ಜರ್ಮನಿಯ ಉಪ್ಪಿನ ಚೀಲ,
ಬಕೆಟಿನಲ್ಲಿ ರಾತ್ರಿಯಿಡೀ ಮಜ್ಜಿಗೆ ಕಡೆಯುವ ಮೋಟಾರು.
ಮುಳ್ಳು ಮೂವತ್ತೈದಕ್ಕೆ ನಿಲ್ಲಬೇಕು.
ತೀರ್ಥೇಶ ಅದನ್ನು ನೋಡುವ ಹಾಗೆ
ನನ್ನ ಜ್ವರ ನೋಡಿದ್ದಿಲ್ಲ.
ಹೇಳಬಾರದಿತ್ತು. ಹೇಳಿಯಾಯಿತು.

ಬಂದ ಹೊಸತರಲ್ಲಿ ಮರಳು ಹೊಕ್ಕವು ಹೊರಬರಲೇ ಇಲ್ಲ.
ಅಂಗಡಿಯ ಕುಂಞಿಮೋನ್ ನಕ್ಕ:
"ಮನಿಲಾದ ಗಡಿಯಾರ ಕಟ್ಟಿಕೊಂಡು ಬಂದಿವೆ ಚೇಚಿ, ಕಾಯಿರಿ."
ನಿಜ. ಲ್ಯಾಬಿನ ಡ್ಯೂಟಿ ಮುಗಿಸಿ ರಾತ್ರಿ ಎರಡಕ್ಕೆ ಬಂದರೆ
ಕತ್ತಲಲ್ಲಿ ಓಡಾಡುತ್ತಿದ್ದವು. ಅವಕ್ಕೆ ಬೆಳಗಾಗಿತ್ತು.
ಮಧ್ಯಾಹ್ನ ಒಂದಕ್ಕೇ, ಉರಿವ ದೀಪದಡಿ, ಹಾಸಿಗೆ ಸೇರುತ್ತಿದ್ದವು.
ನನ್ನದೂ ಅದೇ ನಿದ್ದೆ.
ಒಂದು ತಿಂಗಳು ನಾವು ನಾಲ್ವರು ಒಂದು ಪಾಳಿ,
ಅವನೊಬ್ಬ ಇನ್ನೊಂದು.

ಆಮೇಲೆ ಇಲ್ಲಿಯ ಸಂಜೆ ಕಲಿತವು.
ನೀಲಿ ದೀಪ ತಗ್ಗುವಾಗ
ಒಂದೊಂದೇ ತಲೆ ಬಾಗಿಸಿ, ಓರೆಯಾಗಿ, ಛಕ್ಕನೆ ಒಳಕ್ಕೆ.
ಹಿಡಿ ಮರಳು ಎದ್ದು, ನಿಂತು, ಇಳಿಯುತ್ತದೆ.
ಗೋಧೂಳಿ.
ಈ ಊರಲ್ಲಿ ಆ ಪದಕ್ಕೂ ಕೆಲಸ ಸಿಕ್ಕೀತು ಅಂದುಕೊಂಡಿರಲಿಲ್ಲ.
ಎಣಿಸುತ್ತಿದ್ದೆ: ಒಂದು, ಎರಡು, ಮೂರು. ಕೊಟ್ಟಿಗೆ ತುಂಬಿತು.

ಜೂನಿನಲ್ಲಿ ಅವನು ರಿಗ್ಗಿಗೆ ಹೋದ, ಐವತ್ತಾರು ದಿನ.
ಫ್ರಿಜ್ಜಿಗೆ ಹನ್ನೆರಡು ಸೂಚನೆ ಅಂಟಿಸಿದ.
ಒಂಬತ್ತನೆಯದು: ಬಲೆ ಸರಿಸಬೇಡ, ಹಾರುತ್ತವೆ.
ಪಂಪಿನ ವೈರಿಗೆಂದು ಅವನೇ ಕತ್ತರಿಸಿದ ಮೂಲೆ,
ಎರಡು ಬೆರಳಗಲ.
ಅದರ ಬಗ್ಗೆ ಸೂಚನೆ ಇರಲಿಲ್ಲ.

ಗಂಡು ಚಪ್ಪಲಿ ಗೂಡಿನ ಹಿಂದೆ ಸಿಕ್ಕಿತು,
ಹಳೆಯ ತೋರಣದ ಎಲೆಯ ಹಾಗೆ ಸುರುಟಿ,
ಕೆಂಪು ಮಾತ್ರ ಇನ್ನೂ ಬಿಟ್ಟಿರಲಿಲ್ಲ.
ತೀರ್ಥೇಶನಿಗೆ ಹೇಳಲಿಲ್ಲ. ಲೈನು ಸರಿಯಿರಲಿಲ್ಲ.
ಸರಿಯಿದ್ದಾಗಲೂ ಹೇಳಲಿಲ್ಲ.
ಮಾವನಿಗೆ ಹೇಳಿದೆ. ಗಳಿಗೆ ಸುಮ್ಮನಿದ್ದರು.
"ಹೋರಿ ಹೋದ ಕೊಟ್ಟಿಗೆ. ಉಳಿದವನ್ನ ನೋಡ್ಕೊ ಕಣವ್ವ."

ನೋಡಿಕೊಂಡೆ. ಮೂಲೆಗೆ ಸೊಳ್ಳೆಪರದೆಯ ತುಂಡು ಹೊಲಿದೆ.
ಮೂರನೇ ವಾರ ದೊಡ್ಡ ಹೆಣ್ಣು
ಚಿಕ್ಕದನ್ನು ಬಂಡೆಯಿಂದ ಬಂಡೆಗೆ ಅಟ್ಟತೊಡಗಿತು.
ಬಿಳಿ ಮೈಯ ಕರಿ ಚುಕ್ಕೆಗೆ ಹಸಿರು ಅಂಚು ಬಂತು,
ಹೊಟ್ಟೆಯಿಂದ ಮೇಲಕ್ಕೆ ಇಟ್ಟಿಗೆಯ ಬಣ್ಣ ಏರಿತು,
ಯಾರ ಅಪ್ಪಣೆಯೂ ಇಲ್ಲದೆ.
ಆ ದಿನಗಳಲ್ಲೇ ನಾನು ಮನೆ ಮಾಲೀಕನ ಹತ್ತಿರ
ಹತ್ತು ದಿನಾರು ಬಾಡಿಗೆ ಇಳಿಸಿದೆ,
ಅರ್ಧ ಅರಬಿಯಲ್ಲಿ, ಪೂರ್ತಿ ದನಿಯಲ್ಲಿ.

ಬಂದವನು ಬ್ಯಾಗೂ ಇಳಿಸದೆ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ.
"ನನ್ನ ಗಂಡು ಎಂಥ ಬಣ್ಣ ಕಟ್ಟಿದೆ ನೋಡೇ!
ಒಂದು ಹೆಣ್ಣು ಕಾಣ್ತಿಲ್ಲವಲ್ಲ?"

ಹೊರಗೆ ಮಗ್ರಿಬ್ ಬಾಂಗು. ದೀಪ ತಗ್ಗುತ್ತಿತ್ತು.
"ಆಗಲೇ ಮಲಗಿರಬೇಕು," ಅಂದೆ.
ಬ್ಯಾಗು ಹೆಗಲಲ್ಲೇ ಇತ್ತು.
ಮರಳು ಎರಡು ಸಲ ಎದ್ದು ಇಳಿಯಿತು.